ಕಂಕಣ ಕಟ್ಟಿದ ಮೇಲೆ

ಬೆಳ್ಳೂರು
9 ನವೆಂಬರ್ 2008

ರೀನಾ,

ಒಂದೂವರೆ ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ, ಅದೂ ಒಳ್ಳೆಯ ಸುದ್ದಿಯಲ್ಲ. ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಅರ್ಧ ಪುಟವಾದ ಮೇಲೆ ಓದಿದರೆ ಹೆಡ್ಮಾಸ್ಟರರಿಗೆ ಕೊಡುವ ರಜಾ ಅರ್ಜಿಯ ಹಾಗಿತ್ತು. ನಾವಿಬ್ಬರೂ ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತ ಆ ಭಾಷೆಯಲ್ಲಿ ನನಗೆ ಅಳಲು ಬರುವುದಿಲ್ಲ ಎಂದು ನಲವತ್ತಮೂರನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಸೆಪ್ಟೆಂಬರ್ ಕೊನೆಗೆ ಪೆರ್ಲದಿಂದ ಮನೆಗೆ ಬರುವಾಗ ಸ್ಕೂಟರ್ ಬಿತ್ತು. ತಿರುವಿನಲ್ಲಿ ನಾಯಿ ಅಡ್ಡ ಬಂತು, ಬ್ರೇಕ್ ಹಾಕಿದ್ದೇ ಗಾಡಿ ಜಾರಿತು. ನನಗೆ ಮೊಣಕೈ ತರಚಿತು, ಅಷ್ಟೆ. ಇವರ ತಲೆ ರಸ್ತೆಯಂಚಿನ ಕಟ್ಟೆಗೆ ಬಡಿಯಿತು. ರಕ್ತ ಬರಲಿಲ್ಲ. ಎದ್ದು ಪಂಚೆಯ ಮಣ್ಣು ಕೊಡವಿ, "ಎಂತ ಆಗ್ಲಿಲ್ಲ, ನಡಿ" ಎಂದರು. ಮೂರನೆಯ ದಿನ ಬಲಗೈಯ ಎರಡು ಬೆರಳು ಜೋಮು ಹಿಡಿದವು. ಈಗ ಅಂಗಿಯ ಗುಂಡಿಯನ್ನು ನಾನೇ ಹಾಕಬೇಕು.

ಮಂಗಳೂರಿಗೆ ಹೋಗಿ ಎಂ.ಆರ್.ಐ. ಮಾಡಿಸಿದೆವು. ಕುತ್ತಿಗೆಯ ಎಲುಬುಗಳ ನಡುವಿನ ಎರಡು ಡಿಸ್ಕ್‌ಗಳು ಹೊರಗೆ ಜಾರಿ ಬೆನ್ನುಹುರಿಯನ್ನು ಒತ್ತುತ್ತಿವೆಯಂತೆ. ಡಾಕ್ಟರು ಕುತ್ತಿಗೆಗೆ ಕಾಲರ್ ಕೊಟ್ಟರು, ಮಾತ್ರೆ ಕೊಟ್ಟರು. ಕಡಿಮೆಯಾಗದಿದ್ದರೆ ಆಪರೇಷನ್ ಎಂದರು. ಕೆಲಸ ಏನೆಂದು ಕೇಳಿದಾಗ ಇವರು "ಪೌರೋಹಿತ್ಯ" ಎಂದರು. ಅದು ಸುಳ್ಳಲ್ಲ. ಆದರೆ ನಿಜವೂ ಅಲ್ಲ.

ನನ್ನ ಮದುವೆಗೆ ಬಂದಾಗ ನೀನು ಕೇಳಿದ್ದೆ, "ನಿನ್ನ ಗಂಡ ಕೆಲಸ ಎಂತ ಮಾಡೋದು?" ಎಂದು. "ದೇವರು ಹೊರುವುದು" ಎಂದೆ. ನೀನು ತಮಾಷೆ ಎಂದುಕೊಂಡೆ. ಉತ್ಸವದ ದಿನಗಳಲ್ಲಿ ಬಲಿಮೂರ್ತಿಯನ್ನು, ಅಂದರೆ ಮೆರವಣಿಗೆಯ ವಿಗ್ರಹವನ್ನು, ತಲೆಯ ಮೇಲಿಟ್ಟು, ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತ ದೇವಸ್ಥಾನಕ್ಕೆ ಸುತ್ತು ಬರುವುದು ಇವರ ಕೆಲಸ. ಹೂವು, ಪ್ರಭಾವಳಿ ಸೇರಿ ಇಪ್ಪತ್ತು ಕಿಲೋ. ದೇವರನ್ನು ಹೊತ್ತು ಕುಣಿಯುವ ದರ್ಶನ ಬಲಿಯ ದಿನ ಎರಡು ಎರಡೂವರೆ ಗಂಟೆ. ಕೈ ಬಿಟ್ಟು ಓಡುವಾಗಲೂ ಮೂರ್ತಿ ಅಲುಗಬಾರದು. ಎಲ್ಲ ಭಾರವೂ ಕುತ್ತಿಗೆಯ ಮೇಲೆ. ಇವರ ಅಜ್ಜ ಹೊತ್ತದ್ದು, ಅಪ್ಪ ಹೊತ್ತದ್ದು. ಆಮೇಲೆ ದೊಡ್ಡ ಮಗ, ಇವರ ಅಣ್ಣ ಉದಯಶಂಕರ ಹೊರಬೇಕಿತ್ತು. ಅವರು ಅಪ್ಪನೊಡನೆ ಜಗಳವಾಡಿ, ನಾನು ಈ ಮನೆಗೆ ಬರುವ ಒಂದು ವರ್ಷ ಮೊದಲೇ ಮನೆ ಬಿಟ್ಟರು. ನಿನ್ನ ಮಸ್ಕತ್ತಿನಲ್ಲೇ ಎಲ್ಲೋ ಅಡುಗೆ ಮಾಡಿಕೊಂಡಿದ್ದಾರೆಂದು ಯಾರೋ ಒಮ್ಮೆ ಹೇಳಿದ್ದರು. ಇದ್ದಾರೋ ಇಲ್ಲವೋ ಗೊತ್ತಿಲ್ಲ. ಹೀಗೆ ದೇವರು ಕಿರಿಯವನ ತಲೆಗೆ ಬಂದದ್ದು.

ನಮ್ಮ ದೇವಸ್ಥಾನದ ಉತ್ಸವ ಜನವರಿ ಹದಿನೇಳಕ್ಕೆ. ಇವರು ಹೊರುತ್ತೇನೆ ಎನ್ನುತ್ತಾರೆ. ಊರಿನಲ್ಲಿ ಯಾರಿಗೂ ಹೇಳಿಲ್ಲ. ಮನೆಯಿಂದ ಹೊರಗೆ ಹೊರಟರೆ ಕಾಲರ್ ತೆಗೆದು ಶಾಲು ಹೊದೆಯುತ್ತಾರೆ.

ನೀನು ನರರೋಗದ ವಾರ್ಡಿನಲ್ಲಿ ನರ್ಸ್ ಆಗಿರುವವಳು. ಮುಚ್ಚಿಡದೆ ಹೇಳು, ಹೊತ್ತರೆ ಏನಾಗುತ್ತದೆ? ಕಾಗದವನ್ನೇ ಬರೆ. ಫೋನ್ ಇರುವುದು ಚಾವಡಿಯಲ್ಲಿ. ಈಗ ಇವರು ಇಡೀ ದಿನ ಅಲ್ಲೇ ಮಲಗಿರುತ್ತಾರೆ.

ಪ್ರಫುಲ್ಲಾ


ಮಸ್ಕತ್
22 ನವೆಂಬರ್ 2008

ಪ್ರಫುಲ್ಲಾ,

ನಿನ್ನ ಅಕ್ಷರ ನೋಡಿ ಖುಷಿಯಾಗಿ ಲಕೋಟೆ ಒಡೆದೆ. ಓದಿದ ಮೇಲೆ ಆ ಖುಷಿಗೇ ನಾಚಿಕೆಯಾಯಿತು.

ಮೊದಲು ನಿನ್ನ ಗಂಡನಿಗೆ ನನ್ನ ಪರವಾಗಿ ಎರಡು ಬೈಗುಳ ಕೊಡು. ದೇವರನ್ನು ಹೊತ್ತು ಓಡಲು ಬರುವವರಿಗೆ ಹೆಂಡತಿಯನ್ನು ಕೂರಿಸಿಕೊಂಡು ಸ್ಕೂಟರ್ ಓಡಿಸಲು ಬರುವುದಿಲ್ಲವೇ? ಹೆಲ್ಮೆಟ್ ಎಲ್ಲಿತ್ತು ಮಾರಾಯ್ತಿ, ಗೋಡೆಯ ಮೊಳೆಯಲ್ಲಾ?

ಹೆದರಬೇಡ. ಡಿಸ್ಕ್ ಜಾರಿದವರಲ್ಲಿ ಹೆಚ್ಚಿನವರು ವಿಶ್ರಾಂತಿಯಲ್ಲೇ ಚೇತರಿಸಿಕೊಳ್ಳುತ್ತಾರೆ. ಕೈ ಜೋಮು ಹಿಡಿಯುವುದು ಇದ್ದದ್ದೇ. ನೀನು ನೋಡಬೇಕಾದದ್ದು ಕಾಲು. ನಡೆಯುವಾಗ ತೂರಾಡುತ್ತಾರಾ? ಮೆಟ್ಟಿಲು ಇಳಿಯುವಾಗ ಕಂಬ ಹಿಡಿಯುತ್ತಾರಾ? ಮೂತ್ರಕ್ಕೆ ಹೋಗಲು ಕಷ್ಟ ಉಂಟಾ? ಇದು ಯಾವುದೂ ಇಲ್ಲದಿದ್ದರೆ ಕಾಯಬಹುದು. ಇದ್ದರೆ ಕಾಯಬಾರದು. ಉಜ್ಜಲು, ತಿರುಗಿಸಲು, 'ಲಟಕ್' ಮಾಡಿಸಲು ಯಾರ ಹತ್ತಿರವೂ ಬಿಡಬೇಡ.

ಹೊರುವ ಮಾತು: ಬೇಡ. ಅಷ್ಟೇ. ಮುಂದಿನ ವರ್ಷ ಹೊರಲಿ. ದೇವರಿಗೆ ಎಂತ ಗಡಿಬಿಡಿ?

ನನಗೆ ಇಲ್ಲಿ ಎಲ್ಲ ಮಾಮೂಲು. ಡ್ಯೂಟಿ, ನಿದ್ದೆ, ಡ್ಯೂಟಿ.

ರೀನಾ


ಬೆಳ್ಳೂರು
10 ಡಿಸೆಂಬರ್ 2008

ರೀನಾ,

ನಿನ್ನ ಬೈಗುಳ ತಲುಪಿಸಲಿಲ್ಲ. ತಲುಪಬೇಕಾದ ವಿಳಾಸ ಬೇರೆ. ಗಾಡಿ ಓಡಿಸುತ್ತಿದ್ದವಳು ನಾನು.

ಹೋದ ಸಲ ಹಾಗೆ ಬರೆಯಲಿಲ್ಲ. "ಸ್ಕೂಟರ್ ಬಿತ್ತು" ಎಂದು ಬರೆದೆ. ಬರೆದ ಮೇಲೆ ಆ ವಾಕ್ಯವನ್ನು ಎರಡು ಮೂರು ಸಲ ಓದಿದೆ. ನಾನು ಅದರಲ್ಲಿ ಎಲ್ಲೂ ಇರಲಿಲ್ಲ, ಸಮಾಧಾನವಾಯಿತು. ಶಾಲೆಗೆ ಹೋಗಿಬರಲು ಅನುಕೂಲವೆಂದು ಕಳೆದ ಬೇಸಗೆಯಲ್ಲಿ ಗಾಡಿ ಕಲಿತವಳು ನಾನು. ಅವತ್ತು ಬಸ್ಸಿಗೆ ಕಾಯುವ ಎಂದವರನ್ನು ಒತ್ತಾಯ ಮಾಡಿ ಹಿಂದೆ ಕೂರಿಸಿಕೊಂಡವಳೂ ನಾನು.

ನಿನ್ನ ಕಾಗದ ಬಂದ ಮರುದಿನ ದೇವಸ್ಥಾನದ ಮೊಕ್ತೇಸರರಾದ ಕೃಷ್ಣಕುಮಾರರು ಉತ್ಸವಕ್ಕೆ ಕರೆಯಲು ಬಂದಿದ್ದರು. ನಾನು ಚಹಾ ತರುವಾಗ ಮಾತು ನಡೆದಿತ್ತು.

"ಎಂತ ಪುರಂದರಣ್ಣ, ಕುತ್ತಿಗೆಗೆ ಶಾಲು? ಚಳಿಯಾ?"

"ಹೌದು ಮಾರಾಯ. ಪ್ರಾಯ ಆಯ್ತಲ್ಲ."

"ಪ್ರಾಯ ನಿಮ್ಗಾ? ನೀವು ಹೊತ್ರೆ ದೇವರಿಗೂ ಕುಣೀಲಿಕ್ಕೆ ಮನಸಾಗ್ತದೆ. ಮತ್ತೆ ನೀವು ಇಲ್ಲ ಹೇಳಿದ್ರೆ ನಾವು ಎಲ್ಲಿಗೆ ಹೋಗೂದು?"

ಇವರು ಎಡಗೈಯಲ್ಲಿ ಲೋಟ ಹಿಡಿದು ನಕ್ಕರು. ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡಿದ್ದರು.

ಅವರು ಹೋದ ಮೇಲೆ ಹೇಳಿದೆ, "ಇದ್ದದ್ದನ್ನು ಹೇಳಿಬಿಡುವ."

"ಎಂತ ಹೇಳೂದು? ಹೆಂಡತಿಯ ಸ್ಕೂಟರಿನಿಂದ ಬಿದ್ದು ಕುತ್ತಿಗೆ ಹೋಯ್ತು ಅಂತವಾ?" ನಗುತ್ತಲೇ ಹೇಳಿದ್ದು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದು ನನಗೆ ಗೊತ್ತು. ಆದರೂ ಒಳಗೆ ಹೋಗಿ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ಹೊರಗಿನಿಂದ ಹೇಳುವುದು ಕೇಳಿಸಿತು. "ಒಮ್ಮೆ ಆಗೂದಿಲ್ಲ ಹೇಳಿದವನನ್ನು ಮತ್ತೆ ಯಾರೂ ಕರೆಯೂದಿಲ್ಲ. ಅಪ್ಪ ಜ್ವರದಲ್ಲಿ ಹೊತ್ತಿದ್ದಾರೆ. ನಾನೂ ಹೊರ್ತೇನೆ. ಮತ್ತೆ ಎಂತ ಆಗ್ತದೋ ಆಗ್ಲಿ."

ನಿನ್ನೆ ಶಾಲೆಯಿಂದ ಬೇಗ ಬಂದೆ. ಚಾವಡಿಯಲ್ಲಿ ಇರಲಿಲ್ಲ. ಹಿತ್ತಿಲಿಗೆ ಹೋದರೆ, ದೇವರು ಹೊರುವಾಗ ಸುತ್ತುವ ಕೆಂಪು ರುಮಾಲನ್ನು ತಲೆಗೆ ಸುತ್ತಿ, ಅದರ ಮೇಲೆ ಕಂಚಿನ ಉರುಳಿ, ಉರುಳಿಯ ತುಂಬ ಅಕ್ಕಿ. ಬಾಯಲ್ಲಿ ಚೆಂಡೆಯ ಪೆಟ್ಟು ಹೇಳಿಕೊಂಡು ಬಾವಿಗೆ ಸುತ್ತು ಬರುತ್ತಿದ್ದರು. ಎಡಗಾಲು ನೆಲಕ್ಕೆ ಊರುವ ಮೊದಲು ನಡುಗುತ್ತಿತ್ತು. ನಾನು ಗೋಡೆಯ ಹಿಂದೆ ನಿಂತು ನೋಡಿದೆ. ಕರೆಯಲಿಲ್ಲ. ಕರೆದರೆ ತಿರುಗಿಬಿಡುತ್ತಾರೆಂದು ಹೆದರಿಕೆ.

ಈಗ ನಿನ್ನಲ್ಲಿ ಒಂದು ಕೇಳಬೇಕು. ಪೂರ್ತಿ ಓದದೆ ಕೋಪ ಮಾಡಬೇಡ.

ನಮ್ಮಲ್ಲಿ ಅಪ್ಪನ ಕಡೆಯ ರಕ್ತಸಂಬಂಧಿ ತೀರಿಕೊಂಡರೆ ಹತ್ತು ದಿನ ಸೂತಕ. ಆ ದಿನಗಳಲ್ಲಿ ದೇವಸ್ಥಾನದೊಳಗೆ ಹೋಗುವಂತಿಲ್ಲ, ದೇವರನ್ನು ಮುಟ್ಟುವ ಮಾತೇ ಇಲ್ಲ. ಅದರಲ್ಲಿ ಯಾರ ತಪ್ಪೂ ಇಲ್ಲ, ಯಾರಿಗೂ ನಾಚಿಕೆಯಿಲ್ಲ. ಆ ವರ್ಷ ಬೇರೆಯವರು ಹೊರುತ್ತಾರೆ, ಮುಂದಿನ ವರ್ಷ ಮತ್ತೆ ಇವರನ್ನೇ ಕರೆಯುತ್ತಾರೆ. ಅಷ್ಟರಲ್ಲಿ ಆಪರೇಷನ್ ಮಾಡಿಸಬಹುದು. ಇವರ ಹೆಸರೂ ಉಳಿಯುತ್ತದೆ, ಕುತ್ತಿಗೆಯೂ ಉಳಿಯುತ್ತದೆ.

ಇವರ ದಾಯಾದಿಗಳೆಲ್ಲ ಬೆಳ್ಳೂರು, ಮಧೂರುಗಳಲ್ಲೇ ಇದ್ದಾರೆ, ಗಟ್ಟಿಯಾಗಿದ್ದಾರೆ. ಯಾರೂ ವಿಚಾರಿಸಲಾಗದ ಹಾಗೆ ಸಾಯಬಲ್ಲವರು ಒಬ್ಬರೇ. ಉದಯಶಂಕರ. ನೀನು ಮಸ್ಕತ್ತಿನ ಆಸ್ಪತ್ರೆಯವಳು. ಜನವರಿ ಹನ್ನೆರಡರ ಹಾಗೆ ತೀರಿಕೊಂಡರು ಎಂದು ಇವರಿಗೆ ನೀನೊಂದು ಕಾಗದ ಬರೆದರೆ ಇಪ್ಪತ್ತೊಂದರವರೆಗೆ ಸೂತಕ. ಉತ್ಸವ ಮುಗಿಯುತ್ತದೆ.

ಇದನ್ನು ಬರೆಯುತ್ತಿರುವುದು ನಾನೇ ಎಂದು ನನಗೆ ನಂಬಿಕೆ ಬರುತ್ತಿಲ್ಲ. ಆದರೆ ಬರೆದಿದ್ದೇನೆ.

ಪ್ರಫುಲ್ಲಾ


ಮಸ್ಕತ್
20 ಡಿಸೆಂಬರ್ 2008

ಪ್ರಫುಲ್ಲಾ,

ಆಗುವುದಿಲ್ಲ.

ನಾನು ದಿನವೂ ಸಾವಿನ ಫಾರಂ ತುಂಬಿಸುವವಳು. ಹೆಸರು, ಪ್ರಾಯ, ಗಂಟೆ, ನಿಮಿಷ. ಅಷ್ಟು ಬರೆಯುವಾಗಲೂ ಕೈ ಒಮ್ಮೆ ನಿಲ್ಲುತ್ತದೆ. ಬದುಕಿದ್ದಾರೋ ಏನೋ ಎಂಬವರನ್ನು ಹೇಗೆ ಸಾಯಿಸಲಿ? ರಜೆಯಲ್ಲಿ ಊರಿಗೆ ಬಂದಾಗ ಬೇಳದ ಇಗರ್ಜಿಯಲ್ಲಿ ಪಾದ್ರಿಯ ಮುಂದೆ ಮೊಣಕಾಲೂರಿ ಎಂತ ಹೇಳಲಿ? ಗೆಳತಿಗೆ ಉಪಕಾರ ಮಾಡಲು ಒಬ್ಬರನ್ನು ಕೊಂದೆ ಅಂತಲಾ?

ಗಾಡಿ ಓಡಿಸಿದವಳು ನೀನು ಎಂಬುದಕ್ಕೆ: ನಾಯಿ ಅಡ್ಡ ಬಂತು. ಮುಗಿಯಿತು. ಆ ತಪ್ಪಿಗೆ ಪರಿಹಾರ ಹುಡುಕಲು ಹೋಗಿ ಇನ್ನೊಂದು ಮಾಡಬೇಡ. ನೇರವಾಗಿ ಗಂಡನಿಗೆ ಹೇಳು. ಕೇಳದಿದ್ದರೆ ಮೊಕ್ತೇಸರರಿಗೆ ಹೇಳು. ಎರಡು ದಿನ ಸಿಟ್ಟು ಮಾಡುತ್ತಾರೆ. ಗಂಡಸರ ಸಿಟ್ಟಿಗೆ ಯಾರೂ ಸತ್ತದ್ದಿಲ್ಲ.

ಇದರ ಬಗ್ಗೆ ಮತ್ತೆ ಬರೆಯಬೇಡ. ಕ್ರಿಸ್ಮಸ್ಸಿಗೆ ನನಗೆ ಡ್ಯೂಟಿ ಉಂಟು.

ರೀನಾ


ಬೆಳ್ಳೂರು
30 ಡಿಸೆಂಬರ್ 2008

ರೀನಾ,

ನೀನು ಹೇಳಿದ್ದು ಸರಿ. ನಾನು ಜಗಳಕ್ಕೆ ಬರೆಯುತ್ತಿಲ್ಲ. ನೀನು ಕಾಲು ನೋಡು ಎಂದಿದ್ದೆ. ನೋಡಿದೆ, ಅದನ್ನು ಮಾತ್ರ ಬರೆಯುತ್ತೇನೆ.

ನಿನ್ನೆ ಸಂಜೆ ಗೇಟಿನಿಂದ ಮನೆಗೆ ನಡೆದು ಬರುತ್ತಿದ್ದರು. ನಾನು ಹಿಂದಿದ್ದೆ. ಎಡಗಾಲಿನ ಚಪ್ಪಲಿ ಅಂಗಳದ ಮಧ್ಯದಲ್ಲಿ ಜಾರಿ ಉಳಿಯಿತು. ಇವರು ಹಾಗೆಯೇ ಮುಂದೆ ನಡೆದರು. ಜಲ್ಲಿಯ ಮೇಲೆ ಬರಿಗಾಲು. ಮೆಟ್ಟಿಲ ಹತ್ತಿರ ಬಂದು ಬಲಗಾಲಿನ ಚಪ್ಪಲಿ ಬಿಟ್ಟರು, ಎಡಗಾಲಿನ ಚಪ್ಪಲಿಯನ್ನೂ ಬಿಡುವ ಹಾಗೆ ಕಾಲು ಕೊಡವಿದರು, ಒಳಗೆ ಹೋದರು.

ಇಲ್ಲದ ಚಪ್ಪಲಿಯನ್ನು ಬಿಟ್ಟು ಒಳಗೆ ಹೋದರು, ರೀನಾ. ಅವರಿಗೆ ಗೊತ್ತೇ ಆಗಲಿಲ್ಲ.

ನಾನು ಅದನ್ನು ಎತ್ತಿ ತಂದು ಇನ್ನೊಂದರ ಪಕ್ಕದಲ್ಲಿ ಇಟ್ಟೆ. ಏನೂ ಹೇಳಲಿಲ್ಲ. ನೀನು ಹೇಳಿದ ಹಾಗೆ ಹಿಂದಿನ ವಾರವೇ ನೇರವಾಗಿ ಹೇಳಿ ಆಗಿತ್ತು. ನಾನು ಮೊಕ್ತೇಸರರಲ್ಲಿ ಬಾಯಿ ಬಿಟ್ಟರೆ ಅವತ್ತೇ ಹೊತ್ತು ತೋರಿಸುತ್ತೇನೆ ಎಂದಿದ್ದಾರೆ. ತೋರಿಸುತ್ತಾರೆ ಕೂಡ.

ಉತ್ಸವಕ್ಕೆ ಹದಿನೆಂಟು ದಿನ.

ಪ್ರಫುಲ್ಲಾ


ಮಸ್ಕತ್
13 ಜನವರಿ 2009

ಮಾನ್ಯ ಪುರಂದರ ಭಟ್ಟರಿಗೆ,

ನಾನು ರೀನಾ ಸಲ್ಡಾನ್ಹಾ, ನಿಮ್ಮ ಪತ್ನಿಯ ಸಹಪಾಠಿ. ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ನಿಮಗೆ ಈ ವಿಷಯ ತಿಳಿಸಬೇಕಾಗಿ ಬಂದದ್ದಕ್ಕೆ ದುಃಖವಾಗುತ್ತದೆ. ನಿಮ್ಮ ಅಣ್ಣ ಉದಯಶಂಕರ ಅವರು ನಿನ್ನೆ, ಜನವರಿ 12ರಂದು, ಬೆಳಿಗ್ಗೆ ಹೃದಯಾಘಾತದಿಂದ ತೀರಿಕೊಂಡರು. ಅವರ ಸಂಗಡಿಗರು ಇಲ್ಲಿಯೇ ಸಂಸ್ಕಾರ ಮಾಡಿದರು. ಊರು ಬೆಳ್ಳೂರು ಎಂದು ತಿಳಿದು ನಾನು ವಿಚಾರಿಸಿದೆ. ಹೆಚ್ಚು ನರಳಲಿಲ್ಲ.

ಅಂಚೆಯಲ್ಲಿ ತಡವಾಗುತ್ತದೆಂದು ಊರಿಗೆ ಹೊರಟಿರುವ ಚೆರ್ಕಳದ ಅಬ್ದುಲ್ಲನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರು ಹದಿನೈದಕ್ಕೆ ತಲುಪುತ್ತಾರೆ.

ರೀನಾ ಸಲ್ಡಾನ್ಹಾ


ಬೆಳ್ಳೂರು
26 ಜನವರಿ 2009

ರೀನಾ,

ನೀನು ಬರೆದೆ. ಯಾಕೆ ಮನಸ್ಸು ಬದಲಾಯಿಸಿದೆ ಎಂದು ನಾನು ಕೇಳುವುದಿಲ್ಲ. ಏನಾಯಿತು ಎಂದು ಹೇಳುತ್ತೇನೆ. ಹೇಳಲು ಬೇರೆ ಯಾರೂ ಇಲ್ಲ.

ಹದಿನೈದಕ್ಕೆ ಯಾರೂ ಬರಲಿಲ್ಲ. ಹದಿನಾರಕ್ಕೂ ಇಲ್ಲ. ನೀನು ಬರೆಯಲಿಲ್ಲ ಎಂದುಕೊಂಡೆ. ಹದಿನೇಳು ಶನಿವಾರ, ಮೂರು ಗಂಟೆಗೆ ಇವರು ಮಿಂದು ದೇವಸ್ಥಾನಕ್ಕೆ ಹೋದರು. ಸಂಜೆ ಕೊಡಿಯೇರುವುದು, ಧ್ವಜ ಏರಿಸಿದರೆ ಉತ್ಸವ ಶುರು. ಐದು ಗಂಟೆಗೆ ನಮ್ಮ ಗೇಟಿನ ಮುಂದೆ ಆಟೋ ನಿಂತಿತು. ವಿಮಾನ ತಡವಾಗಿ, ಆಮೇಲೆ ತಂಗಿಯ ಮನೆಗೆ ಹೋಗಿ, ಅಬ್ದುಲ್ಲನಿಗೆ ಎರಡು ದಿನ ಕಳೆದಿತ್ತು. ಕಾಗದ ಓದಿದ ನನ್ನ ಮುಖ ನೋಡಿ, "ಮರಣದ ಕಾಗದ ಅಂತ ಗೊತ್ತಿದ್ರೆ ನಾನು ಓಡಿ ಬರ್ತಿದ್ದೆ ಅಲ್ವಾ ಟೀಚರೇ" ಎಂದ. ಪಾಪ, ಅವನ ಕಣ್ಣಲ್ಲಿ ನೀರಿತ್ತು.

ನಾನು ಗದ್ದೆಯ ದಾರಿಯಲ್ಲಿ ಓಡಿದೆ. ಸೂತಕದವಳು ಒಳಗೆ ಹೋಗುವಂತಿಲ್ಲವಲ್ಲ, ಸುಳ್ಳಾದರೂ ನಿಯಮ ನೆನಪಿತ್ತು. ಗೋಪುರದ ಮೆಟ್ಟಿಲ ಕೆಳಗೆ ನಿಂತು ಕರೆಸಿದೆ. ಇವರು ಬಂದರು. ಹಿಂದೆಯೇ ಕೃಷ್ಣಕುಮಾರರು, ಉತ್ಸವದ ವಿಧಿ ನಡೆಸುವ ತಂತ್ರಿಗಳು. ಇವರ ಬಲಗೈಯ ಮಣಿಗಂಟಿನಲ್ಲಿ ದರ್ಭೆಯ ಕಂಕಣ ಇತ್ತು. ನಾನು ಅದನ್ನು ನೋಡಿದೆ, ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಕಾಗದವನ್ನು ಮೆಟ್ಟಿಲ ಮೇಲೆ ಇಟ್ಟೆ.

ಕೃಷ್ಣಕುಮಾರರು ಎತ್ತಿ ಗಟ್ಟಿಯಾಗಿ ಓದಿದರು. ಆಮೇಲೆ ತಂತ್ರಿಗಳು ಸಮಾಧಾನದ ಸ್ವರದಲ್ಲಿ ಹೇಳಿದರು. "ಆಗಬಾರದ್ದು ಆಯ್ತು. ಆದರೆ ಕಂಕಣ ಕಟ್ಟಿ ಆಗಿದೆಯಲ್ಲ. ಸಂಕಲ್ಪ ಮಾಡಿ ಕಂಕಣ ಕಟ್ಟಿದ ಮೇಲೆ ಕೇಳಿದ ಸೂತಕ ಉತ್ಸವ ಮುಗಿಯುವವರೆಗೆ ತಟ್ಟೂದಿಲ್ಲ. ನೀವು ಹೊರಬಹುದು. ದುಃಖ ಐದು ದಿನ ಕಾಯಲಿ."

"ದೇವರೇ ಒಂದು ಗಳಿಗೆ ಮೊದಲು ಕಟ್ಟಿಸಿದ್ದು, ನೋಡಿ" ಎಂದರು ಕೃಷ್ಣಕುಮಾರರು.

ಇಪ್ಪತ್ತೊಂದು ವರ್ಷ ಈ ಮನೆಯಲ್ಲಿ ಇದ್ದೇನೆ ರೀನಾ. ಈ ಒಂದು ನಿಯಮ ನನಗೆ ಗೊತ್ತಿರಲಿಲ್ಲ. ಮಡಿ ಬಟ್ಟೆ ಒಣಗಿಸಲು ಕಲಿತೆ, ನೈವೇದ್ಯಕ್ಕೆ ಕಲಿತೆ, ಎಲ್ಲ ಕಲಿತೆ ಎಂದುಕೊಂಡಿದ್ದೆ. ನಾನು ಹೂಡಿದ್ದು ಪರೀಕ್ಷೆಗೆ ಪಾಠ ಓದಿದವಳ ಉಪಾಯ. ಈಗ ಇವರು ಸತ್ತ ಅಣ್ಣನನ್ನೂ ಸೇರಿಸಿ ಹೊರುತ್ತಾರೆ ಎಂದು ಅಲ್ಲೇ ನಿಂತು ಯೋಚಿಸಿದೆ.

ಇವರು ನನ್ನನ್ನು ನೋಡಿದರು. ಈಗ ಕುತ್ತಿಗೆ ಬಗ್ಗಿಸಲು ಬರುವುದಿಲ್ಲ, ಕಣ್ಣನ್ನಷ್ಟೇ ಕೆಳಗಿಳಿಸಿ ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ತಂತ್ರಿಗಳ ಕಡೆ ಪೂರ್ತಿ ಮೈ ತಿರುಗಿಸಿ ಹೇಳಿದರು.

"ನನಗೆ ನಿನ್ನೆಯೇ ಗೊತ್ತಿತ್ತು. ಫೋನ್ ಬಂದಿತ್ತು. ಹೇಳ್ಲಿಲ್ಲ."

"ಎಂತ?" ಎಂದರು ತಂತ್ರಿಗಳು.

"ಗೊತ್ತಿದ್ದೂ ಕಂಕಣ ಕಟ್ಟಿಸಿಕೊಂಡೆ. ತಪ್ಪಾಯ್ತು."

ಗಂಟು ಬಿಚ್ಚಲು ಹೋದರು. ಕಂಕಣ ಕಟ್ಟಿದ್ದು ಬೆರಳು ಜೋಮು ಹಿಡಿದ ಬಲಗೈಗೆ, ಎಡಗೈ ಒಂದರಿಂದಲೇ ಗಂಟು ಬಿಚ್ಚಲು ಆಗಲಿಲ್ಲ. ಸೂತಕದವರನ್ನು ಯಾರೂ ಮುಟ್ಟುವಂತಿಲ್ಲ, ಎಲ್ಲರೂ ನೋಡುತ್ತ ನಿಂತರು. ಕೊನೆಗೆ ಹಲ್ಲಿನಲ್ಲಿ ಕಚ್ಚಿ ಎಳೆದರು.

ಶುದ್ಧಿ ಕಲಶ ಮಾಡಿಸಿ ಕೊಡಿಯೇರುವಾಗ ತುಂಬ ತಡವಾಯಿತಂತೆ. ಮಧೂರು ಕಡೆಯ ಒಬ್ಬರನ್ನು ಕರೆಸಿ ಹೊರಿಸಿದರು. ಆಗುವುದಿಲ್ಲ ಎಂದಿದ್ದರೆ ಊರವರು ಅಯ್ಯೋ ಎನ್ನುತ್ತಿದ್ದರು. ಈಗ ಸೂತಕ ಮುಚ್ಚಿಟ್ಟು ದೇವರನ್ನು ಮುಟ್ಟಲು ಹೊರಟವ ಎಂದು ಹೆಸರಾಯಿತು. ಕೃಷ್ಣಕುಮಾರರು ದಾರಿಯಲ್ಲಿ ಸಿಕ್ಕರೆ ಆ ಬದಿಗೆ ಸರಿಯುತ್ತಾರೆ. ಇವರ ಹೆಸರು ಉಳಿಯಲಿ ಎಂದೇ ನಾನು ಒಬ್ಬರನ್ನು ಸಾಯಿಸಿದ್ದು.

ಯಾವ ಫೋನೂ ಬಂದಿರಲಿಲ್ಲ. ಸಾಯದವರ ಸಾವಿಗೆ ಯಾರು ಫೋನ್ ಮಾಡುತ್ತಾರೆ? ಇವರು ತಪ್ಪಿಸಿಕೊಳ್ಳಲು ಸುಳ್ಳು ಹೇಳಿದರು. ಹಾಗಾದರೆ ಇವರಿಗೂ ಹೆದರಿಕೆ ಇತ್ತೆ? ಅಥವಾ ನನ್ನ ಕೈವಾಡ ಗೊತ್ತಾಗಿ, ನನ್ನನ್ನು ಉಳಿಸಲು ಹೇಳಿದರೆ? ಕೇಳಲು ಧೈರ್ಯವಿಲ್ಲ. ದೇವಸ್ಥಾನದಿಂದ ಮನೆಗೆ ಬರುವಾಗ ನಾನು ಮುಂದೆ, ಇವರು ಹಿಂದೆ. ಗದ್ದೆಯ ಬದುವಿನಲ್ಲಿ ಒಮ್ಮೆ ಇವರ ಹೆಜ್ಜೆ ನಿಂತಿತು. ನಾನು ತಿರುಗಿ ನೋಡಲಿಲ್ಲ. ಮನೆಗೆ ಬಂದು ನೋಡಿದರೆ ನನ್ನ ಎಡಗಾಲಿನ ಅಡಿ ಕೊಯ್ದು ರಕ್ತ ಹೆಪ್ಪುಗಟ್ಟಿತ್ತು. ಎಲ್ಲಿ ತಾಗಿತೋ ತಿಳಿಯದು.

ಇವರು ಮಿಂದು, ಜಗಲಿಯಲ್ಲಿ ಚಾಪೆ ಹಾಸಿ, ಸೂತಕದ ಹತ್ತು ದಿನ ಪೂರ್ತಿ ಮಾಡಿದರು. ಅಳಲಿಲ್ಲ. ಅಣ್ಣ ಹೇಗೆ ಸತ್ತದ್ದೆಂದು ಒಂದು ಮಾತೂ ಕೇಳಲಿಲ್ಲ.

ಪ್ರಫುಲ್ಲಾ


ಮಸ್ಕತ್
8 ಫೆಬ್ರವರಿ 2009

ಪ್ರಫುಲ್ಲಾ,

ಆಪರೇಷನ್ನಿಗೆ ತಾರೀಕು ತೆಗೆದುಕೋ. ಈ ಕಾಗದ ಓದಿ ಮುಗಿಸುವ ಮೊದಲೇ ತೆಗೆದುಕೋ.

ಹೆಚ್ಚಿನವರು ಗುಣವಾಗುತ್ತಾರೆ ಎಂದು ನವೆಂಬರಿನಲ್ಲಿ ಬರೆದೆನಲ್ಲ, ಅದನ್ನು ಬರೆದದ್ದು ಗುಣವಾಗದ ಒಬ್ಬನ ಮಂಚದ ಪಕ್ಕದಲ್ಲಿ ಕುಳಿತು. ಲಾರಿ ಡ್ರೈವರ್. ಪಲ್ಟಿಯಾದಾಗ ಕುತ್ತಿಗೆಗೆ ಪೆಟ್ಟಾಗಿತ್ತು. ಎರಡು ತಿಂಗಳು ಏನೂ ಇಲ್ಲವೆಂದು ಕೆಲಸಕ್ಕೆ ಹೋದ, ಮೂಟೆ ಹೊತ್ತ. ಈಗ ನಾಲ್ಕು ವರ್ಷದಿಂದ ಎರಡು ಗಂಟೆಗೊಮ್ಮೆ ನಾವು ಮಗ್ಗುಲು ತಿರುಗಿಸುತ್ತೇವೆ. ಅವನಿಗೂ ಮೊದಲು ಜಾರಿದ್ದು ಚಪ್ಪಲಿಯೇ. ಅವನೇ ಹೇಳಿದ್ದು. ನಿನ್ನನ್ನು ಹೆದರಿಸಬಾರದೆಂದು ಬರೆಯಲಿಲ್ಲ. ಬರೆದಿದ್ದರೆ, ನೀನು ಅದನ್ನು ಗಂಡನಿಗೆ ಓದಿ ಹೇಳಿದ್ದರೆ, ಇದು ಯಾವುದೂ ಬೇಕಿರಲಿಲ್ಲವೇನೋ. ಅದನ್ನು ನಾನು ಪಾದ್ರಿಗೆ ಹೇಳಬೇಕು.

ಇನ್ನೊಂದು ಉಂಟು. ನಾನು ಸುಮ್ಮನೆ ಬರೆದು ಒಬ್ಬರನ್ನು ಸಾಯಿಸಲಿಲ್ಲ. ಮೊದಲು ಹುಡುಕಿದೆ. ಊರಿನವರು ಊಟ ಮಾಡುವ ಮೆಸ್ಸುಗಳಲ್ಲಿ ವಿಚಾರಿಸಿದೆ. ಮೂರನೆಯದರಲ್ಲಿ ಸಿಕ್ಕಿದರು. ಉದಯಶಂಕರರು ಬದುಕಿದ್ದಾರೆ ಪ್ರಫುಲ್ಲಾ. ಬಿಳಿ ಗಡ್ಡ, ದೊಡ್ಡ ಹೊಟ್ಟೆ, ಒಳ್ಳೆಯ ಸಾರು ಮಾಡುತ್ತಾರೆ. ಎಲ್ಲ ಹೇಳಿ ಅನುಮತಿ ಕೇಳಿದೆ. ಒಗ್ಗರಣೆಯ ಸೌಟು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಆಮೇಲೆ ಹೇಳಿದರು. "ಆ ಮನೆಗೆ ನಾನು ಸತ್ತು ಇಪ್ಪತ್ತೆರಡು ವರ್ಷ ಆಯ್ತು ಸಿಸ್ಟರ್. ಹಳೇ ಸಾವಿಗೆ ಹೊಸ ತಾರೀಕು ಹಾಕಿ. ಹೊರಬೇಕಾದದ್ದು ನಾನು. ಅವನ ತಲೆಗೆ ಹಾಕಿ ಬಂದದ್ದು."

ಮನೆಯ ಫೋನ್ ನಂಬರ್ ಕೇಳಿದರು. "ತಮ್ಮನ ಸ್ವರ ಒಮ್ಮೆ ಕೇಳಿ ಇಟ್ಟುಬಿಡ್ತೇನೆ, ಮಾತಾಡೂದಿಲ್ಲ" ಎಂದರು. ಕೊಟ್ಟೆ.

ನಿನ್ನ ಕಾಗದ ಬಂದ ಮೇಲೆ ಹೋಗಿ ಕೇಳಿದೆ. ಹದಿನಾರನೆಯ ತಾರೀಕು ಬೆಳಿಗ್ಗೆ, ನೀನು ಶಾಲೆಯಲ್ಲಿ ಇದ್ದಾಗ, ಅವರು ಫೋನ್ ಮಾಡಿದ್ದು ನಿಜ. ಮಾತಾಡಿದ್ದೂ ನಿಜ. ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ: ನಿನ್ನ ಉಪಾಯ, ನನ್ನ ಕಾಗದ, ತನ್ನ ಒಪ್ಪಿಗೆ. "ನನ್ನ ಸೂತಕ ಹಿಡಿ ಪುರಂದರ, ಕಾಲು ಹಿಡೀತೇನೆ" ಎಂದರಂತೆ. ತಮ್ಮ ಹೇಳಿದ್ದು ಒಂದೇ ಮಾತು: "ನಾಳೆ ಕಂಕಣ ಕಟ್ಟಿಸಿಕೊಳ್ತೇನೆ. ನಿಮ್ಮ ಸುಳ್ಳು ನನಗೆ ಬೇಡ." ಫೋನ್ ಇಟ್ಟರಂತೆ.

ಹೊರುವುದೆಂದು ನಿಶ್ಚಯ ಮಾಡಿಯೇ ನಿನ್ನ ಗಂಡ ದೇವಸ್ಥಾನಕ್ಕೆ ಹೋದದ್ದು. ಮತ್ತೆ ಯಾಕೆ ಬಿಚ್ಚಿದರು? ಅದು ಅಣ್ಣನಿಗೂ ಗೊತ್ತಿಲ್ಲ. ನೀನೇ ಕೇಳಬೇಕು.

ರೀನಾ


ಬೆಳ್ಳೂರು
3 ಜನವರಿ 2010

ರೀನಾ,

ಹನ್ನೊಂದು ತಿಂಗಳು ಕೇಳಲಿಲ್ಲ. ಆಪರೇಷನ್ ಆಗಲಿ ಎಂದೆ, ಮಾರ್ಚಿನಲ್ಲಿ ಆಯಿತು. ಹೊಲಿಗೆ ಮಾಗಲಿ ಎಂದೆ, ಮಾಗಿತು. ನಿನಗೆ ಚುಟುಕಾಗಿ ತಿಳಿಸಿದ್ದೆನಲ್ಲ, ಕಾಲು ಉಳಿಯಿತು. ಈಗ ನೇರ ನಡೆಯುತ್ತಾರೆ. ಎರಡು ಬೆರಳಿಗೆ ಮಾತ್ರ ಜೀವ ಬರಲಿಲ್ಲ. ಕುತ್ತಿಗೆಯಲ್ಲಿ ಲೋಹದ ಪಟ್ಟಿ ಕೂತಿದೆ. ಯಾರಾದರೂ ಕರೆದರೆ ಪೂರ್ತಿ ಮೈ ತಿರುಗಿಸಬೇಕು. ಯಾರೂ ಅಷ್ಟಾಗಿ ಕರೆಯುವುದಿಲ್ಲ. ಎರಡು ವಾರಕ್ಕೆ ಉತ್ಸವ, ಈ ವರ್ಷ ಕೃಷ್ಣಕುಮಾರರು ನಮ್ಮ ಗೇಟು ದಾಟಿ ಆಚೆ ಮನೆಗೆ ಆಮಂತ್ರಣ ಕೊಟ್ಟು ಹೋದರು.

ಪಂಚಾಂಗದ ಲೆಕ್ಕದಲ್ಲಿ ನಿನ್ನೆ ಉದಯಶಂಕರರ ವರ್ಷದ ತಿಥಿ. ಊರಿಗೆ ಅವರು ಸತ್ತವರು, ಇನ್ನು ಯಾವತ್ತೂ ಬರುವಂತಿಲ್ಲ. ಬಂದರೆ ಇವರು ಹೇಳಿದ್ದು ಸುಳ್ಳಾಗುತ್ತದೆ. ಗೋಕರ್ಣದಲ್ಲಿ ಮಾಡಿಸುತ್ತೇವೆ ಎಂದು ಪುರೋಹಿತರಿಗೆ ಹೇಳಿ ಇವರು ಶ್ರಾದ್ಧ ತಪ್ಪಿಸಿದರು. ಬದುಕಿರುವವನಿಗೆ ಪಿಂಡ ಇಡುವುದು ಮಾತ್ರ ತನ್ನಿಂದಾಗದು ಎಂದರು. ಇವರಿಗೆ ಎಲ್ಲ ತಿಳಿದಿದೆ ಎಂದು ನನಗೆ ಗೊತ್ತು, ನನಗೆ ಗೊತ್ತೆಂದು ಇವರಿಗೂ ಗೊತ್ತು. ಆದರೆ ಅದುವರೆಗೆ ಬಾಯಿ ಬಿಟ್ಟು ಆಡಿರಲಿಲ್ಲ. ನಾನು ಸುಮ್ಮನೆ ಪಾಯಸ ಮಾಡಿದೆ.

ಹನ್ನೊಂದು ಗಂಟೆಗೆ ಫೋನ್ ಬಂತು. ಶನಿವಾರ, ನಾನು ಮನೆಯಲ್ಲಿದ್ದೆ, ನಾನೇ ಎತ್ತಿದೆ.

"ಪ್ರಫುಲ್ಲನಾ? ಸತ್ತವ ಮಾತಾಡೂದು. ನನ್ನ ತಿಥಿಗೆ ಎಂತ ಪಾಯಸ?"

ನಾನು ಒಮ್ಮೆಯೂ ನೋಡದ ಭಾವ. "ಕಡ್ಲೆಬೇಳೆ" ಎಂದೆ.

"ಬೆಲ್ಲಕ್ಕೆ ಜಿಪುಣತನ ಮಾಡ್ಬೇಡ. ಸತ್ತವರಿಗೆ ಸಕ್ಕರೆ ಕಾಯಿಲೆ ಇರೂದಿಲ್ಲ. ಅವನು ಇದ್ದಾನಾ?"

ಇವರು ಬಂದರು. ರಿಸೀವರನ್ನು ಭುಜಕ್ಕೆ ಒತ್ತಿ ಹಿಡಿಯಲು ಕುತ್ತಿಗೆ ಬಾಗುವುದಿಲ್ಲ, ಬೆರಳು ಹಿಡಿಯುವುದಿಲ್ಲ. ನಾನು ಶಾಲೆಗೆ ಹೋದಾಗ ಅಣ್ಣನ ಫೋನ್ ಬಂದರೆ ಹೇಗೆ ಹಿಡಿಯುತ್ತಿದ್ದರೋ. ನಾನು ಅವರ ಕಿವಿಗೆ ಹಿಡಿದು ನಿಂತೆ. ಅಣ್ಣತಮ್ಮ ಸಾರಿನ ಪುಡಿಯ ವಿಷಯ ಮಾತಾಡಿದರು. ಅಮ್ಮ ಮೆಂತೆ ಹುರಿಯುತ್ತಿದ್ದದ್ದು ಕೊಬ್ಬರಿ ಎಣ್ಣೆಯಲ್ಲೋ ತುಪ್ಪದಲ್ಲೋ ಎಂದು. ಇವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಊಟವಾದ ಮೇಲೆ ಕೇಳಿದೆ. "ಹೊರುವುದೆಂದೇ ಹೋದವರು ಕಂಕಣ ಯಾಕೆ ಬಿಚ್ಚಿದಿರಿ?"

ಇವರು ಹೇಳಿದರು. "ಅದರ ಹಿಂದಿನ ತಿಂಗಳು ನನ್ನ ಚಪ್ಪಲಿ ಅಂಗಳದಲ್ಲಿ ಬಿದ್ದದ್ದು, ನೀನು ತಂದು ಇಟ್ಟದ್ದು, ನನಗೆ ಗೊತ್ತಿತ್ತು. ಮೆಟ್ಟಿಲ ಹತ್ತಿರ ಒಂದೇ ಬಿಟ್ಟದ್ದು, ಆಮೇಲೆ ನೋಡಿದ್ರೆ ಎರಡು. ನೀನು ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನನ್ನ ಕಾಲು ಹೋದ್ರೆ ನನಗಲ್ಲವಾ ಅಂತ ಗಟ್ಟಿ ಇದ್ದೆ."

"ಮತ್ತೆ?"

"ಗೋಪುರದ ಕೆಳಗೆ ನೀನು ನಿಂತಿದ್ದಿಯಲ್ಲ. ಒಂದು ಕಾಲಿಗೆ ಚಪ್ಪಲಿ ಉಂಟು, ಒಂದು ಕಾಲಿಗೆ ಇಲ್ಲ. ಕಲ್ಲಿನ ಮೇಲೆ ರಕ್ತ. ನಿನಗೆ ಗೊತ್ತೇ ಇರ್ಲಿಲ್ಲ."

ಆ ಚಪ್ಪಲಿಯನ್ನು ನಾಯಿ ಕಚ್ಚಿಕೊಂಡು ಹೋಯಿತೆಂದು ಈ ಒಂದು ವರ್ಷ ನಂಬಿದ್ದೆ. ಹೊಸ ಜೊತೆಯನ್ನೂ ಕೊಂಡಿದ್ದೆ.

"ಗದ್ದೆಯ ಬದುವಿನಲ್ಲಿ ಸಿಕ್ಕಿತು" ಎಂದರು. "ಬಗ್ಗಿ ಎತ್ತಲಿಕ್ಕೆ ಸ್ವಲ್ಪ ಹೊತ್ತಾಯ್ತು." ಒಳಕೋಣೆಯ ಪೆಟ್ಟಿಗೆಯ ಕಡೆ ಕೈ ತೋರಿಸಿದರು.

ಅದು ದೇವರು ಹೊರುವ ಸಾಮಾನಿನ ಪೆಟ್ಟಿಗೆ. ನಾನು ಮುಟ್ಟುವುದಿಲ್ಲ. ಇವರ ಅಪ್ಪ ಇವರಿಗೆ ಕೊಟ್ಟದ್ದು, ಅಪ್ಪನಿಗೆ ಅಜ್ಜ ಕೊಟ್ಟದ್ದು. "ತೆಗಿ, ಇನ್ನು ಮಡಿ ಇಲ್ಲ ಅದಕ್ಕೆ" ಎಂದರು. ತೆಗೆದೆ. ತಲೆಗೆ ಸುತ್ತುವ ಕೆಂಪು ರುಮಾಲು ಮಡಿಸಿ ಇಟ್ಟಿತ್ತು. ಎತ್ತಿದರೆ ಭಾರ. ಬಿಡಿಸಿದೆ, ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಒಳಗೆ ನನ್ನ ಎಡಗಾಲಿನ ಚಪ್ಪಲಿ ಇತ್ತು. ಗದ್ದೆಯ ಮಣ್ಣು ಒಣಗಿ ಹಾಗೆಯೇ ಅಂಟಿಕೊಂಡಿತ್ತು.

ಪ್ರಫುಲ್ಲಾ